ಎಳೆದರೆ ಬಾರದ ಡ್ರಾವರು
(ಬಿದ್ರಿಯ ಕಲಿಕಾ ವರ್ಗದಲ್ಲಿ ಆಡಿದ ಮಾತು)



ಇವತ್ತು ಹೊಸ ಅಕ್ಷರ ಇಲ್ಲ. ಇವತ್ತು ಮನೆಯ ಕಪಾಟಿನ ಡ್ರಾವರಿನ ಬಗ್ಗೆ ಮಾತಾಡೋಣ. ನಿಮ್ಮಲ್ಲಿ ಕೆಲವರು ಅದಕ್ಕೆ ಖಾನೆ ಅಂತೀರಿ, ಕೆಲವರು ಮರಾಠಿಯವರ ಹಾಗೆ ಖಣ ಅಂತೀರಿ. ಖಣ ಅಂದ್ರ ಕುಬಸದ ಖಣ ಅಲ್ರಿ, ನಗಬ್ಯಾಡ್ರಿ! ಹೆಸರು ಏನೇ ಇರಲಿ, ಮಳಿ ಹತ್ತಿತು ಅಂದ್ರ ಅದು ಹಿಡಕೊಂಡು ಕೂಡ್ತದ. ಎಳೆದರೆ ಬರುವುದಿಲ್ಲ. ಬಂದರೆ ಒಳಗೆ ಹೋಗುವುದಿಲ್ಲ. ಹೌದಲ್ಲ?

ಇದು ಸಣ್ಣ ಮಾತು ಅನಿಸಬಹುದು. ಆದರೆ ಆ ಡ್ರಾವರಿನಲ್ಲಿ ಏನಿರುತ್ತದೆ ನೆನಪು ಮಾಡಿಕೊಳ್ಳಿರಿ. ರೇಷನ್ ಕಾರ್ಡು, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಹೊಲದ ಸಾತ್‌ಬಾರಾ ಉತಾರೆ, ಮಕ್ಕಳ ಶಾಲೆಯ ದಾಖಲೆ. ನಮ್ಮ ಸಂಸಾರವೆಲ್ಲ ಆ ಡ್ರಾವರಿನೊಳಗೇ ಇರುತ್ತದೆ.

ಒಬ್ಬ ಅಕ್ಕನ ಕಥೆ

ನಮ್ಮ ವರ್ಗಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲಿ ಎರಡು ಡ್ರಾವರಿನ ಕಟ್ಟಿಗೆ ಡ್ರೆಸಿಂಗ್ ಟೇಬಲ್ ಇದೆ. ಮದುವೆಯಲ್ಲಿ ತವರು ಮನೆಯವರು ಕೊಟ್ಟದ್ದು. ಒಂದು ಜುಲೈ ತಿಂಗಳು, ಎಂಟು ದಿನ ಬಿಡದೆ ಮಳೆ. ಅವತ್ತು ರೇಷನ್ ತರಬೇಕು, ಕಾರ್ಡು ಮೇಲಿನ ಡ್ರಾವರಿನಲ್ಲಿ. ಎಳೆದರೆ ಬರಲಿಲ್ಲ. ಜೋರಾಗಿ ಜಗ್ಗಿದರು, ಹಿಡಿಕೆ ಕಿತ್ತು ಕೈಯಲ್ಲಿ ಬಂತು. ಕೊನೆಗೆ ಕುಡಗೋಲು ತುರುಕಿ ಎಬ್ಬಿಸಿದರು. ಮುಂದಿನ ಹಲಗೆ ಸೀಳಿತು.

ಮರುದಿನ ಬಡಿಗ್ಯಾನನ್ನು ಕರೆದರು. ಅವನು ಹಲಗೆ ಕೂಡಿಸಿ, ರಂದಾ ಹೊಡೆದು, ಮೇಲಿನ ಅಂಚನ್ನು ಎರಡು ಸೂತ ತೆಗೆದು ಹೋದ. ಡ್ರಾವರು ಸರಳವಾಗಿ ಓಡಾಡತೊಡಗಿತು. ಆದರೆ ಬೇಸಿಗೆ ಬಂತು. ಕಟ್ಟಿಗೆ ಒಣಗಿ ಕುಗ್ಗಿತು. ಮೇಲೆ ಬೆರಳು ಹೋಗುವಷ್ಟು ಸಂದಿ ಬಿತ್ತು. ಆ ಸಂದಿಯಲ್ಲಿ ಇಲಿ ಹೊಕ್ಕಿತು. ರೇಷನ್ ಕಾರ್ಡಿನ ಅರ್ಧ ಭಾಗ ಮತ್ತು ಮಗಳ ಶಾಲೆ ಬಿಟ್ಟ ದಾಖಲೆ ಇಲಿಯ ಹೊಟ್ಟೆಗೆ ಹೋದವು. ನಕಲು ಪ್ರತಿ ಸಿಗುವವರೆಗೆ ಆ ಅಕ್ಕ ಎಷ್ಟು ದಿನದ ಕೂಲಿ ಬಿಟ್ಟರೋ ಅವರಿಗೇ ಗೊತ್ತು.

ಬಡಿಗ್ಯಾ ಕೆಟ್ಟ ಕೆಲಸ ಮಾಡಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಮಾಡಿದ, ಅಷ್ಟೇ. ಅದಕ್ಕೇ ಮೊದಲು ಕಟ್ಟಿಗೆಯ ಗುಣ ತಿಳಿಯಬೇಕು.

ಕಟ್ಟಿಗೆ ಯಾಕೆ ಹಿಗ್ಗುತ್ತದೆ?

ಮರ ಕಡಿದ ಮೇಲೂ ಕಟ್ಟಿಗೆ ಗಾಳಿಯ ತೇವ ಕುಡಿಯುತ್ತದೆ, ತೇವ ಬಿಡುತ್ತದೆ. ಮಳೆಗಾಲದಲ್ಲಿ ಕುಡಿದು ಹಿಗ್ಗುತ್ತದೆ. ಬೇಸಿಗೆಯಲ್ಲಿ ಬಿಟ್ಟು ಕುಗ್ಗುತ್ತದೆ. ಬಾಗಿಲು ಜೂನ್‌ದಿಂದ ಹಿಡಿದು ಮಾರ್ಚಿನಲ್ಲಿ ಸಡಿಲಾಗುವುದೂ ಇದಕ್ಕೇ.

ಒಂದು ಮುಖ್ಯ ಮಾತು. ಕಟ್ಟಿಗೆ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಿಗ್ಗುವುದು ಅಗಲಕ್ಕೆ, ಅಂದರೆ ನಾರಿಗೆ ಅಡ್ಡವಾಗಿ. 10 ಇಂಚು ಅಗಲದ ಹಲಗೆ ಮಳೆಗಾಲದಲ್ಲಿ ಅರ್ಧ ಸೂತದಿಂದ ಒಂದು ಸೂತದವರೆಗೆ ಹಿಗ್ಗಬಹುದು. ಡ್ರಾವರಿನ ಹಲಗೆಗಳನ್ನು ಆಡ್ಡ ಮಲಗಿಸಿ ಕೂಡಿಸಿರುತ್ತಾರೆ. ಆದ್ದರಿಂದ ಅದು ಮೇಲೆ-ಕೆಳಗೆ ಹಿಗ್ಗುತ್ತದೆ. ಮಳೆಯಲ್ಲಿ ಹಿಡಿಯುವುದು ಬಹಳ ಸಲ ಮೇಲಿನ ಅಥವಾ ಕೆಳಗಿನ ಅಂಚು.

ಸಾಗವಾನಿ ಕಡಿಮೆ ಹಿಗ್ಗುತ್ತದೆ, ಅದಕ್ಕೇ ಅದಕ್ಕೆ ಬೆಲೆ. ಭೂಸಾ ಒತ್ತಿ ಮಾಡಿದ ಅಗ್ಗದ ಹಲಗೆ ಮಾತ್ರ ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಕೊಳ್ಳುವಾಗ ಇದು ನೆನಪಿರಲಿ.

ಸೂತ ಅಂದರೆ ಎಷ್ಟು?

ಟೇಪು ಕೈಯಲ್ಲಿ ಹಿಡಿಯಿರಿ. 1 ಇಂಚಿನಲ್ಲಿ 8 ಸೂತ. 4 ಸೂತ ಅಂದರೆ ಅರ್ಧ ಇಂಚು. 2 ಸೂತ ಅಂದರೆ ಕಾಲು ಇಂಚು. ಟೇಪಿನ ಇನ್ನೊಂದು ಅಂಚಿನಲ್ಲಿ ಮಿಲಿಮೀಟರ್ ಇದೆ. 1 ಇಂಚಿಗೆ 25.4 ಮಿಲಿಮೀಟರ್. ಒಂದು ಸೂತ ಅಂದರೆ 3 ಮಿಲಿಮೀಟರಿಗೆ ತುಸು ಹೆಚ್ಚು. ಇಷ್ಟು ಓದಲು ಬಂದರೆ ಬಡಿಗ್ಯಾನ ಲೆಕ್ಕ ನಿಮಗೂ ತಿಳಿಯುತ್ತದೆ.

ಹಿಡಿದ ಡ್ರಾವರನ್ನು ತೆಗೆಯುವುದು

ಸಿಟ್ಟಿನಿಂದ ಜಗ್ಗಬ್ಯಾಡ್ರಿ. ಎರಡು ಹಿಡಿಕೆ ಇದ್ದರೆ ಎರಡನ್ನೂ ಹಿಡಿದು, ಎಡಕ್ಕೆ ತುಸು, ಬಲಕ್ಕೆ ತುಸು ಅಲ್ಲಾಡಿಸುತ್ತ ಎಳೆಯಿರಿ. ಒಂದೇ ಬದಿ ಎಳೆದರೆ ಡ್ರಾವರು ಓರೆಯಾಗಿ ಇನ್ನೂ ಬಿಗಿಯುತ್ತದೆ. ಬರಲಿಲ್ಲವೇ? ಕೆಳಗಿನ ಇಲ್ಲವೆ ಮೇಲಿನ ಡ್ರಾವರನ್ನು ಪೂರ್ತಿ ಹೊರಗೆ ತೆಗೆಯಿರಿ. ಆ ಜಾಗದಿಂದ ಕೈ ಹಾಕಿ ಹಿಂದಿನಿಂದ ನೂಕಿರಿ. ಒಳಗೆ ಏನಾದರೂ ಎದ್ದು ನಿಂತು ಅಡ್ಡ ಆಗಿದ್ದರೆ ಮಕ್ಕಳ ಪಟ್ಟಿಯನ್ನು ಮೇಲಿನ ಸಂದಿಯಲ್ಲಿ ತೂರಿಸಿ ಒತ್ತಿರಿ. ಎಷ್ಟೋ ಸಲ ತಪ್ಪು ಕಟ್ಟಿಗೆಯದಲ್ಲ, ತುಂಬಿ ತುರುಕಿದ ನಮ್ಮದೇ.

ಖಡುವಿನ ಪರೀಕ್ಷೆ

ಡ್ರಾವರು ಎಲ್ಲಿ ತಿಕ್ಕುತ್ತದೆ ಎಂದು ಗೊತ್ತಾಗದೆ ರಂದಾ ಹೊಡೆಯುವುದು ಕುರುಡ ಕೆಲಸ. ನಮ್ಮ ವರ್ಗದ ಖಡುವೇ ಇದಕ್ಕೆ ಸಾಕು. ಡ್ರಾವರು ಖಾಲಿ ಮಾಡಿ, ಒಣ ಅರಿವೆಯಿಂದ ಒರೆಸಿರಿ. ಅಂಚುಗಳಿಗೆಲ್ಲ ಬಣ್ಣದ ಖಡು ತಿಕ್ಕಿರಿ. ಒಮ್ಮೆ ಒಳಗೆ ನೂಕಿ, ಹೊರಗೆ ಎಳೆಯಿರಿ. ಖಡು ಎಲ್ಲಿ ಅಳಿಸಿತೋ ಅಲ್ಲೇ ತಿಕ್ಕುತ್ತದೆ. ಆ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿ, ಬದಿಗೆ ತಾರೀಖು ಬರೆಯಿರಿ. ಬರೆಯೋದು ಬರತದಲ್ಲ ಈಗ?

ಮೊದಲು ಮೇಣ, ಆಮೇಲೆ ರಂದಾ

ಗೆರೆ ಹಾಕಿದ ಜಾಗಕ್ಕೆ ಬಿಳಿ ಮೇಣಬತ್ತಿ ತಿಕ್ಕಿರಿ. ಡ್ರಾವರು ಜಾರುವ ಒಳಗಿನ ಪಟ್ಟಿಗೂ ತಿಕ್ಕಿರಿ. ಎಷ್ಟೋ ಡ್ರಾವರು ಇಷ್ಟಕ್ಕೇ ಸರಿಹೋಗುತ್ತವೆ. ಒಣಗಿದ ಸಾಬೂನು ತಿಕ್ಕಿದರೂ ಜಾರುತ್ತದೆ, ಆದರೆ ಸಾಬೂನು ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗೆ ಮೇಣವೇ ಒಳ್ಳೆಯದು.

ಎಣ್ಣೆ ಮಾತ್ರ ಬೇಡ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಹಾಕಿದರೆ ಎರಡು ದಿನ ಜಾರುತ್ತದೆ. ಆಮೇಲೆ ಧೂಳು ಕೂಡಿ ಅಂಟು ಆಗುತ್ತದೆ. ಇಚಲಕರಂಜಿಯಲ್ಲಿ ಮಾಗದ ಕೆಲಸ ಮಾಡುವ ಅಣ್ಣ ಒಬ್ಬರು ಕೇಳಿದ್ದರು, “ಮಾಗಕ್ಕ ದಿನಾ ಎಣ್ಣಿ ಬಿಡ್ತೀವಿ, ಇದಕ್ಯಾಕ ಬ್ಯಾಡ?” ಮಾಗ ಕಬ್ಬಿಣದ್ದು. ಕಬ್ಬಿಣ ಎಣ್ಣೆ ಕುಡಿಯುವುದಿಲ್ಲ, ಕಟ್ಟಿಗೆ ಕುಡಿಯುತ್ತದೆ. ಕಬ್ಬಿಣದ ತಿಜೋರಿಯ ಡ್ರಾವರಾದರೆ ಜಂಗು ತಿಕ್ಕಿ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಒರೆಸಿದರೆ ಅಡ್ಡಿಯಿಲ್ಲ.

ಮೇಣಕ್ಕೂ ಬಗ್ಗದಿದ್ದರೆ ಪಾಲಿಶ್ ಕಾಗದ. ಅಂಗಡಿಯಲ್ಲಿ 80 ನಂಬರು ಮತ್ತು 120 ನಂಬರು ಕೇಳಿರಿ. ನಂಬರು ಕಡಿಮೆ ಇದ್ದರೆ ಕಾಗದ ಒರಟು, ಹೆಚ್ಚಿದ್ದರೆ ನುಣುಪು. ನಂಬರು ಹಿಂಬದಿಗೆ ಅಚ್ಚಾಗಿರುತ್ತದೆ, ಓದಿ ತೆಗೆದುಕೊಳ್ಳಿರಿ. ಚಪ್ಪಟೆ ಕಟ್ಟಿಗೆ ತುಂಡಿಗೆ ಸುತ್ತಿ, ಗೆರೆ ಹಾಕಿದ ಜಾಗದಲ್ಲಿ ಮಾತ್ರ ತಿಕ್ಕಿರಿ. ಹತ್ತು ಸಲ ತಿಕ್ಕಿ ಒಮ್ಮೆ ಹಾಕಿ ನೋಡಿರಿ. ಕೊನೆಗೆ ಮತ್ತೆ ಮೇಣ.

ರಂದಾ ಹೊಡೆಯಲೇಬೇಕೆಂದರೆ ಮಳೆಗಾಲ ಮುಗಿಯಲಿ. ಕಾರ್ಖಾನೆಯ ಹಂಗಾಮು ಸುರುವಾಗಿ, ಕಬ್ಬಿನ ಗಾಡಿ ಓಡಾಡುವ ಹೊತ್ತಿಗೆ ಕಟ್ಟಿಗೆ ಒಣಗಿರುತ್ತದೆ. ಆಗ ಮತ್ತೆ ಅಳೆಯಿರಿ. ಒಣ ದಿನಗಳಲ್ಲಿ ಮೇಲೆ ಒಂದು ಸೂತ ಜಾಗ ಇದ್ದರೆ ಸಾಮಾನ್ಯ ಡ್ರಾವರು ಮಳೆಯಲ್ಲಿ ಹಿಡಿಯುವುದಿಲ್ಲ. ಅದಕ್ಕಿಂತ ಹೆಚ್ಚು ತೆಗೆಸಬೇಡಿರಿ. ತೆಗೆದ ಕಟ್ಟಿಗೆ ಮತ್ತೆ ಬರುವುದಿಲ್ಲ.

ಪೂರ್ತಿ ಮುಚ್ಚದಿದ್ದರೆ?

ಮೊದಲು ಹಿಂದೆ ನೋಡಿರಿ. ಬಾಚಣಿಗೆ, ಕಾಗದ, ಮಕ್ಕಳ ಅಂಗಿ, ಏನಾದರೂ ಹಿಂದೆ ಬಿದ್ದಿರುತ್ತದೆ.

ಎರಡನೆಯದು ತಳ. ತಳದ ತೆಳ್ಳನೆಯ ಪ್ಲೈ ಭಾರಕ್ಕೆ ಜೋತು ಬಿದ್ದರೆ ಕೆಳಗೆ ತಿಕ್ಕುತ್ತದೆ. ಅದನ್ನು ಬಿಚ್ಚಿ, ತಿರುವಿ ಹಾಕಿರಿ. ಜೋತ ಬದಿ ಮೇಲೆ ಬರಲಿ.

ಮೂರನೆಯದು ಮೂಲೆ. ಮೂಲೆಯ ಜೋಡಣೆ ಸಡಿಲಾದರೆ ಡ್ರಾವರು ಓರೆಯಾಗುತ್ತದೆ. ಇದನ್ನು ತಿಳಿಯಲು ಒಂದು ದಾರ ಸಾಕು. ಒಂದು ಮೂಲೆಯಿಂದ ಎದುರಿನ ಮೂಲೆಗೆ ದಾರ ಹಿಡಿದು ಗುರುತು ಮಾಡಿರಿ. ಅದೇ ದಾರವನ್ನು ಉಳಿದೆರಡು ಮೂಲೆಗೆ ಹಿಡಿಯಿರಿ. ಎರಡೂ ಅಳತೆ ಸಮ ಇದ್ದರೆ ಡ್ರಾವರು ನೆಟ್ಟಗಿದೆ. ಸಮ ಇಲ್ಲದಿದ್ದರೆ ಓರೆ. ಸಡಿಲಾದ ಮೂಲೆಯ ಹಳೆ ಅಂಟು ಕೆರೆದು, ಫೆವಿಕಾಲ್ ಹಚ್ಚಿ, ದಾರದ ಅಳತೆ ಸಮ ಬರುವವರೆಗೆ ಒತ್ತಿ, ಸುತ್ತಲೂ ಸುತಳಿ ಬಿಗಿದು ಒಂದು ದಿನ ಬಿಡಿರಿ. ಬರೀ ಮೊಳೆ ಬಡಿದರೆ ಹಲಗೆ ಸೀಳುತ್ತದೆ.

ನಾಲ್ಕನೆಯದು ನೆಲ. ನೆಲ ಸಮ ಇಲ್ಲದಿದ್ದರೆ ಕಪಾಟೇ ತಿರುಚಿಕೊಂಡು ನಿಲ್ಲುತ್ತದೆ. ಆಗ ಒಳ್ಳೆಯ ಡ್ರಾವರೂ ಹಿಡಿಯುತ್ತದೆ. ಅಲ್ಲಾಡುವ ಕಾಲಿನ ಕೆಳಗೆ ಚಿಕ್ಕ ಪಟ್ಟಿ ಕೊಟ್ಟು ನೋಡಿರಿ.

ಚಾನೆಲ್ ಇದ್ದ ಡ್ರಾವರು

ಈಗಿನ ಕಪಾಟುಗಳಿಗೆ ಎರಡೂ ಬದಿ ಲೋಹದ ಚಾನೆಲ್ ಇರುತ್ತದೆ. ಪೂರ್ತಿ ಎಳೆದಾಗ ನಡುವೆ ಕಪ್ಪು ಪ್ಲಾಸ್ಟಿಕ್ ನಾಲಿಗೆ ಕಾಣುತ್ತದೆ. ಬಹಳ ಚಾನೆಲ್‌ಗಳಲ್ಲಿ ಒಂದು ಬದಿಯದನ್ನು ಮೇಲಕ್ಕೆ, ಇನ್ನೊಂದು ಬದಿಯದನ್ನು ಕೆಳಕ್ಕೆ ಒಮ್ಮೆಲೇ ಒತ್ತಿದರೆ ಡ್ರಾವರು ಬಿಚ್ಚಿ ಬರುತ್ತದೆ. ಒಳಗಿನ ಧೂಳು, ಕೂದಲು ತೆಗೆಯಿರಿ. ಸ್ಕ್ರೂ ಬಿಗಿಯಿರಿ. ಸ್ಕ್ರೂ ತೂತು ದೊಡ್ಡದಾಗಿ ಹಿಡಿಯದಿದ್ದರೆ, ಮದ್ದು ಮುರಿದ ಕಡ್ಡಿಪೆಟ್ಟಿಗೆಯ ಕಡ್ಡಿಗೆ ಫೆವಿಕಾಲ್ ಹಚ್ಚಿ ತೂತಿನಲ್ಲಿ ತುಂಬಿ, ಒಣಗಿದ ಮೇಲೆ ಸ್ಕ್ರೂ ಹಾಕಿರಿ.

ಹೊಸದಾಗಿ ಕೂಡಿಸುವಾಗ ಒಂದೊಂದು ಬದಿಗೆ ಅರ್ಧ ಇಂಚು, ಅಂದರೆ ಒಟ್ಟು 1 ಇಂಚು ಜಾಗ ಬೇಕು. ಕಪಾಟಿನ ಬಾಯಿ 18 ಇಂಚು ಇದ್ದರೆ ಡ್ರಾವರು 17 ಇಂಚು. ಹದಿನೇಳೂವರೆ ಮಾಡಿದರೆ ಒಳಗೇ ಹೋಗುವುದಿಲ್ಲ.

ಮಹಾಪೂರದ ನೀರು ಕುಡಿದ ಕಪಾಟು

2005, 2019 ಮತ್ತು 2021ರ ಮಹಾಪೂರವನ್ನು ಕೊಲ್ಲಾಪುರ ಜಿಲ್ಲೆಯವರು ಮರೆಯುವ ಹಾಗಿಲ್ಲ. ನೀರು ಇಳಿದ ಮೇಲೆ ಎಷ್ಟೋ ಮಂದಿ ಕಪಾಟನ್ನು ಸುಡು ಬಿಸಿಲಿಗೆ ಇಡುತ್ತಾರೆ. ಹಲಗೆ ಒಮ್ಮೆಲೇ ಒಣಗಿ ಸೊಟ್ಟಾಗುತ್ತದೆ, ಸೀಳುತ್ತದೆ. ಕೆಸರು ತೊಳೆದು, ಡ್ರಾವರು ಹೊರಗೆ ತೆಗೆದು, ಗಾಳಿ ಆಡುವ ನೆರಳಿನಲ್ಲಿ ವಾರಗಟ್ಟಲೆ ಒಣಗಿಸಬೇಕು. ಪೂರ್ತಿ ಒಣಗುವ ಮುಂಚೆ ರಂದಾ ಮುಟ್ಟಿಸಬಾರದು.

ಮಕ್ಕಳ ಜೀವದ ಮಾತು

ಎಲ್ಲ ಡ್ರಾವರು ಒಮ್ಮೆಲೇ ತೆರೆದಿಟ್ಟರೆ ಕಪಾಟಿನ ಭಾರ ಮುಂದಕ್ಕೆ ಬರುತ್ತದೆ. ಕೂಸು ಅದನ್ನೇ ಮೆಟ್ಟಿಲು ಮಾಡಿ ಹತ್ತಿದರೆ ಕಪಾಟು ಮೈಮೇಲೆ ಬೀಳುತ್ತದೆ. ಹೀಗೆ ಮಕ್ಕಳು ಸತ್ತದ್ದರಿಂದ 2016ರ ಜೂನ್ ತಿಂಗಳಲ್ಲಿ ಐಕಿಯಾ ಕಂಪನಿ ಅಮೆರಿಕದಲ್ಲಿ ಸುಮಾರು 2 ಕೋಟಿ 90 ಲಕ್ಷ ಡ್ರಾವರಿನ ಕಪಾಟುಗಳನ್ನು ಹಿಂದಕ್ಕೆ ಕರೆಯಿತು. ನಮ್ಮ ಮನೆಯಲ್ಲಿ ಇದಕ್ಕೆ ದೊಡ್ಡ ಖರ್ಚಿಲ್ಲ. ಕಪಾಟಿನ ಹಿಂದೆ, ಮೇಲ್ಭಾಗಕ್ಕೆ ಎರಡು ಲೋಹದ ಪಟ್ಟಿ ಹಾಕಿ ಗೋಡೆಗೆ ಬಿಗಿಸಿರಿ. ಭಾರದ ಸಾಮಾನು ಕೆಳಗಿನ ಡ್ರಾವರಿನಲ್ಲಿ ಇಡಿರಿ.

ಕಥೆಯ ಉಳಿದ ಭಾಗ

ಆ ಅಕ್ಕನ ಟೇಬಲ್ಲಿನ ಕೆಳಗಿನ ಡ್ರಾವರು ಮರುವರ್ಷದ ಮಳೆಯಲ್ಲಿ ಹಿಡಿಯಿತು. ಈ ಸಲ ಅವರು ಯಾರನ್ನೂ ಕರೆಯಲಿಲ್ಲ. ವರ್ಗದಿಂದ ಖಡುವಿನ ತುಂಡು ಒಯ್ದರು. ಮೇಣ ತಿಕ್ಕಿದರು. ಸಾಕಾಯಿತು. ಮರುದಿನ ಬಂದು ಹೇಳಿದರು: “ಇಷ್ಟ ದಿನಾ ಟೇಪು ಓದಾಕ ಬರೂದಿಲ್ಲ ಅಂತ ಹೇಳಾಕ ನಾಚಿಕಿ ಆಗ್ತಿತ್ತರಿ. ಬಡಿಗ್ಯಾ ಎರಡು ಸೂತ ಅಂದಾಗ ಹೂಂ ಅಂದಿದ್ದೆ. ಆವಾಗ ತಿಳಿದಿದ್ರ ಬ್ಯಾಡ ಅಂತಿದ್ದೆ.”

ಡ್ರಾವರು ಖಾಲಿ ಮಾಡಿದಾಗ ಸಿಕ್ಕ ಪಾಸ್‌ಬುಕ್ಕನ್ನೂ ತಂದಿದ್ದರು. ಅದರಲ್ಲಿ 436 ರೂಪಾಯಿ ಕಡಿದ ಒಂದು ಸಾಲು ಇತ್ತು. ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ವರ್ಷದ ಹಣ. 2022ರ ಜೂನ್‌ದಿಂದ ಅದು 436 ರೂಪಾಯಿ. ವಿಮೆ ಮಾಡಿದವರು ತೀರಿಕೊಂಡರೆ ಮನೆಯವರಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಗಂಡನ ಹೆಸರಿನಲ್ಲಿ ಇಂಥ ವಿಮೆ ಇದೆ ಎಂದು ಆ ಅಕ್ಕನಿಗೆ ಗೊತ್ತೇ ಇರಲಿಲ್ಲ. ಇಬ್ಬರೂ ಬ್ಯಾಂಕಿಗೆ ಹೋಗಿ, ವಾರಸುದಾರರ ಹೆಸರು ಸರಿಯಾಗಿದೆಯೇ ಎಂದು ನೋಡಿ ಬಂದರು.

ಅದಕ್ಕೇ ಹೇಳುತ್ತೇನೆ. ಡ್ರಾವರು ಸರಿಮಾಡಲು ಹೊರಗೆ ತೆಗೆದಾಗ ಒಳಗಿನ ಕಾಗದ ಒಂದೊಂದಾಗಿ ಓದಿರಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿರಿ. ಏನೇನಿದೆ ಎಂದು ನಿಮ್ಮ ಕೈಯಾರೆ ಪಟ್ಟಿ ಬರೆದು ಡ್ರಾವರಿನ ಒಳಬದಿಗೆ ಅಂಟಿಸಿರಿ. ತಿಳಿಯದ ಕಾಗದ ಇದ್ದರೆ ವರ್ಗಕ್ಕೆ ತರ್ರಿ, ಕೂಡಿ ಓದೋಣ.

ಮಾಡಿ ನೋಡಿರಿ

1. ನಿಮ್ಮ ಮನೆಯ ಒಂದು ಡ್ರಾವರಿನ ಉದ್ದ, ಅಗಲ, ಎತ್ತರ ಅಳೆದು ಇಂಚು ಮತ್ತು ಸೂತದಲ್ಲಿ ಬರೆಯಿರಿ.
2. 6 ಸೂತ ಅಂದರೆ ಎಷ್ಟು ಇಂಚು?
3. ಕಪಾಟಿನ ಬಾಯಿ ಹದಿನಾಲ್ಕೂವರೆ ಇಂಚು ಇದೆ. ಚಾನೆಲ್ ಹಾಕಿದರೆ ಡ್ರಾವರು ಎಷ್ಟು ಅಗಲ ಇರಬೇಕು?
4. ಡ್ರಾವರಿಗೆ ಎಣ್ಣೆ ಯಾಕೆ ಹಚ್ಚಬಾರದು? ಎರಡು ಸಾಲು ಬರೆಯಿರಿ.
5. ನಿಮ್ಮ ಡ್ರಾವರಿನಲ್ಲಿರುವ ಐದು ಕಾಗದಗಳ ಹೆಸರು ಬರೆಯಿರಿ.