ಅಂಗಳಕ್ಕೆ ಹಸಿರು ಹಾಸು

(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಅಂಗಳದ ಪ್ರಶ್ನೆ ಮತ್ತೆ ಸಭೆಯ ಮುಂದಿದೆ. ಕಳೆದ ಮಳೆಗಾಲದಲ್ಲಿ ಬೇವಿನ ಬುಡದ ಮಣ್ಣು ಕೊಚ್ಚಿಹೋಗಿ ಬೇರು ಹೊರಬಿದ್ದುದನ್ನೂ, ಕೆಸರು ಪತ್ರಿಕೆಗಳ ಮೇಜಿನವರೆಗೆ ಬಂದುದನ್ನೂ ಎಲ್ಲರೂ ಕಂಡಿದ್ದೇವೆ. ಅಂಗಳಕ್ಕೆಲ್ಲ ಸಿಮೆಂಟು ಹಾಕಿಸೋಣವೆಂದು ಕೆಲವರ ಸಲಹೆ. ಹಾಗೆ ಮಾಡಿದರೆ ಈ ವರ್ಷ ಹೊಸ ಪುಸ್ತಕಗಳಿಗೆ ಹಣ ಉಳಿಯದು. ಬೇವಿನ ಬೇರಿಗೆ ನೀರೂ ಇಳಿಯದು. ಬದಲಿಗೆ ಒಂದು ಗಿಡವನ್ನು ಸೂಚಿಸಲು ನಿಂತಿದ್ದೇವೆ.

ನಾವು ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುವವರು. ದಿನವೆಲ್ಲ ಶೇಂಗಾ ಚೀಲಗಳ ತೂಕ ಬರೆದರೂ ಶೇಂಗಾಕ್ಕೆ ಕಾಡಿನ ದಾಯಾದಿಗಳುಂಟೆಂದು ಬಹುಕಾಲ ತಿಳಿದಿರಲಿಲ್ಲ. ಅವುಗಳಲ್ಲೊಂದು ಪಿಂಟೊ ಶೇಂಗಾ. ಬ್ರೆಜಿಲ್ ದೇಶದಲ್ಲಿ 1954ರಲ್ಲಿ ಅದನ್ನು ಸಂಗ್ರಹಿಸಿದ ಜೆರಾಲ್ಡೊ ಪಿಂಟೊ ಅವರ ಹೆಸರೇ ಗಿಡಕ್ಕೆ ಬಂದಿದೆ.

ಹೊಲದ ಶೇಂಗಾ ಒಂದು ಬೆಳೆಗೆ ಮುಗಿಯುತ್ತದೆ. ಇದು ಬೇರೂರಿದರೆ ವರ್ಷಗಟ್ಟಲೆ ಇರುತ್ತದೆ. ಎಲೆ ಶೇಂಗಾದಂತೆಯೇ, ಹೂವು ಹಳದಿ. ಬಳ್ಳಿ ನೆಲದ ಮೇಲೆ ಹರಿದು ಗಿಣ್ಣುಗಿಣ್ಣಿಗೂ ಬೇರು ಬಿಡುತ್ತದೆ. ಮರ ಹತ್ತುವುದಿಲ್ಲ, ನೆರಳನ್ನು ತಾಳುತ್ತದೆ. ಮಳೆಯ ಹನಿ ಎಲೆಯ ಮೇಲೆ ಬೀಳುವುದರಿಂದ ಮಣ್ಣು ಕದಲುವುದಿಲ್ಲ. ದ್ವಿದಳ ಜಾತಿಯದಾದ್ದರಿಂದ ಬೇರಿನ ಗಂಟುಗಳ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಮಧ್ಯ ಅಮೆರಿಕದ ಕಾಫಿ, ಬಾಳೆ ತೋಟಗಳಲ್ಲಿ ಇದನ್ನು ನೆಲದ ಹೊದಿಕೆಯಾಗಿ ಬೆಳೆಸುತ್ತಾರೆ.

ಕಾಯಿ ತಿನ್ನಬಹುದೇ ಎಂದು ಕೇಳುವಿರಿ. ನೆಲದೊಳಗೆ ಕಾಯಿ ಬಿಡುತ್ತದೆ, ಆದರೆ ಸಣ್ಣದು. ಗಿರಣಿಗೆ ಬರುವ ಮಾಲಲ್ಲ!

ದೋಷಗಳನ್ನೂ ಮುಚ್ಚಿಡುವುದಿಲ್ಲ. ಮೊದಲ ತಿಂಗಳುಗಳಲ್ಲಿ ನಿಧಾನವಾಗಿ ಹಬ್ಬುತ್ತದೆ, ಕಳೆ ಕೀಳಬೇಕು. ಸದಾ ತುಳಿದಾಡುವ ಕಡೆ ನಿಲ್ಲದು. ಆದ್ದರಿಂದ ಬಾಗಿಲಿನವರೆಗಿನ ಕಾಲುದಾರಿಗೆ ನಮ್ಮ ಕಡೆಯ ಶಹಾಬಾದ್ ಕಲ್ಲು ಹಾಸೋಣ. ಬೇಸಿಗೆಯಲ್ಲಿ ನೀರೂ ಬೇಕು.

ಊರಿನ ಹೊಲಕ್ಕೆ ಒಯ್ಯಬಹುದೇ ಎಂದು ಕಲಬುರಗಿ ಕಡೆಯ ಗೆಳೆಯರೊಬ್ಬರು ಕೇಳಿದರು. ಮಳೆಯನ್ನೇ ನಂಬಿದ ಒಣ ಹೊಲಕ್ಕೆ ಬೇಡವೆಂದೇ ಹೇಳುತ್ತೇವೆ. ಆದರೆ ಇದರ ಬಂಧುಗಳಿಂದ ಹೊಲಕ್ಕೂ ಉಪಕಾರವಾಗಿದೆ. ಇಲ್ಲೇ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ 15,000ಕ್ಕೂ ಹೆಚ್ಚು ಶೇಂಗಾ ಮಾದರಿಗಳನ್ನೂ, ಅವುಗಳ ಜೊತೆಗೆ ಕಾಡು ಜಾತಿಗಳನ್ನೂ ಕಾಪಾಡಿದೆ. ಬೊಲಿವಿಯದ ಒಂದು ಕಾಡು ಶೇಂಗಾದ ರೋಗ ತಡೆಯುವ ಗುಣ ಅಲ್ಲಿನ ತಳಿಯ ಮೂಲಕ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ 4 ತಳಿಗೆ ಬಂದಿದೆ. ತುಕ್ಕು ಮತ್ತು ಎಲೆಚುಕ್ಕೆ ರೋಗವನ್ನು ಅದು ತಡೆದುಕೊಳ್ಳುತ್ತದೆ. ಕಾಯಿಗೆ ಬಾರದ ಗಿಡ ನಿಷ್ಪ್ರಯೋಜಕವೆಂದು ಎಸೆದಿದ್ದರೆ ಈ ಲಾಭವೆಲ್ಲಿ?

ಕಸಿತೋಟದಿಂದ ಬಳ್ಳಿ ತಂದು ಮೃಗಶಿರ ಮಳೆಗೆ ಅಡಿಗೊಂದರಂತೆ ನೆಟ್ಟರೆ ಸಾಕು. ನೆಡುವುದು ಒಂದು ಭಾನುವಾರದ ಕೆಲಸ. ಕಷ್ಟವಿರುವುದು ಬೇಸಿಗೆಯಲ್ಲಿ, ಎಲ್ಲರೂ ರಜೆಗೆ ಊರಿಗೆ ಹೊರಟಾಗ. ಆಗ ನೀರು ಹಾಕುವವರು ಯಾರು? ಇಬ್ಬರಾದರೂ ಇಂದೇ ಹೆಸರು ಬರೆಸಿದರೆ ಸಿಮೆಂಟಿನ ಮಾತು ಬಿಡೋಣ. ಮೊದಲ ಹೆಸರು ನಮ್ಮದೇ ಇರಲಿ. ಎರಡನೆಯದಕ್ಕಾಗಿ ಪುಸ್ತಕ ಮೇಜಿನ ಮೇಲೆ ತೆರೆದಿದೆ.