ಮನೆಯೇ ಮೊದಲ ಬಾಲವಾಡಿ

ನಿಮ್ಮ ಮನೆಯಲ್ಲಿ ಮೂರು, ನಾಲ್ಕು, ಐದು ವರ್ಷದ ಮಗುವಿದೆಯೇ? ಹಾಗಾದರೆ ಇವತ್ತಿನ ನಾಲ್ಕು ಮಾತು ನಿಮಗಾಗಿಯೇ.

ನನ್ನ ಮಗ ಇಲ್ಲಿ ಮುಂಬಯಿಯಲ್ಲಿ ಎಲ್‌ಕೆಜಿಗೆ ಸೇರಿದ ಮೊದಲ ತಿಂಗಳಲ್ಲೇ ಶಾಲೆಯವರು ಹೇಳಿದರು, "ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿ." ನಾವೂ ತಲೆಯಾಡಿಸಿ ಬಂದೆವು. ನನ್ನ ಇಂಗ್ಲಿಷು "ಕಮ್, ಸಿಟ್, ಈಟ್" ಅನ್ನುವಷ್ಟಕ್ಕೆ ಮುಗಿಯುತ್ತಿತ್ತು. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯವರಿಗೆ ಅಷ್ಟೂ ಬಾರದು. ಸದಾ ವಟಗುಟ್ಟುತ್ತಿದ್ದ ಹುಡುಗ ಎರಡೇ ತಿಂಗಳಲ್ಲಿ ಮಂಕಾದ. ಅಜ್ಜಿಯ ಹತ್ತಿರ ಹೋಗುವುದನ್ನೂ ಬಿಟ್ಟ. ಅದನ್ನು ನೋಡಲಾರದೆ, ಒಂದು ವರ್ಷ ಮನೆಯಲ್ಲೇ, ಕನ್ನಡದಲ್ಲೇ ಕಲಿಸೋಣ ಎಂದು ತೀರ್ಮಾನಿಸಿದೆವು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಕುರಿತದ್ದು. ಅದಕ್ಕಿಂತ ಚಿಕ್ಕವರಿಗೆ ಶಾಲೆ ಕಡ್ಡಾಯವಲ್ಲ.

ಮೊದಲ ವಾರ ನಾನೂ ತಪ್ಪು ಮಾಡಿದೆ. ಬೆಳಗ್ಗೆ ಒಂಬತ್ತಕ್ಕೆ ಕೂರಿಸಿ ಪುಟಗಟ್ಟಲೆ ಅಕ್ಷರ ತಿದ್ದಿಸಿದೆ. ಅವನೂ ಅತ್ತ, ನಾನೂ ಅತ್ತೆ! ದಾರಿ ತೋರಿಸಿದವರು ಅತ್ತೆಯವರೇ. ಒಂದು ದಿನ ಒಲೆಯ ಮೇಲೆ ರೊಟ್ಟಿ ಉಬ್ಬಿದ್ದನ್ನು ಕಂಡು ಅವನು ಕೇಳಿದ, "ಅಜ್ಜಿ, ಇದು ಯಾಕ ಉಬ್ಬಿತು?" ಅವರು ಉತ್ತರ ಹೇಳಲಿಲ್ಲ. "ಒಳಗ ಏನಾಗಿರಬಹುದು, ನೀನ ಹೇಳು ನೋಡೋಣ" ಅಂದರು. "ಗಾಳಿ!" ಅಂದ. "ಗಾಳಿ ಎಲ್ಲಿಂದ ಬಂತು?" ಎಂದರು. ಅರ್ಧ ಗಂಟೆ ಮಾತು ನಡೆಯಿತು. ಹಿಟ್ಟಿನ ನೀರೇ ಕಾದು ಉಗಿಯಾಗಿದೆ ಎಂಬಲ್ಲಿಗೆ ಇಬ್ಬರೂ ಬಂದು ಮುಟ್ಟಿದರು.

ಮಿದುಳು ಬೆಳೆಯುವುದು ಹೀಗೆಯೇ. ಆರು ವರ್ಷ ತುಂಬುವ ಹೊತ್ತಿಗೆ ಗಾತ್ರದಲ್ಲಿ ಅದು ದೊಡ್ಡವರ ಮಿದುಳಿನ ಸುಮಾರು ಶೇಕಡಾ 90ರಷ್ಟು ಆಗಿರುತ್ತದೆ. ನರಕೋಶಗಳ ನಡುವಿನ ಜೋಡಣೆಗಳಲ್ಲಿ ಮತ್ತೆ ಮತ್ತೆ ಬಳಸಿದವು ಗಟ್ಟಿಯಾಗುತ್ತವೆ, ಬಳಸದವು ಕ್ರಮೇಣ ಉದುರುತ್ತವೆ. ಮಗು ಕೇಳಬೇಕು, ನಾವು ಮರುಮಾತಾಡಬೇಕು, ಅದು ಮತ್ತೆ ಕೇಳಬೇಕು. ಈ ಕೊಡುಕೊಳ್ಳುವಿಕೆ ನಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಮಾತ್ರ ಸರಾಗವಾಗಿ ನಡೆಯುತ್ತದೆ. ಅರೆಬರೆ ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಬಹುದೇ ಹೊರತು ಹರಟೆ ಹೊಡೆಯಲಾಗದು.

ಇದಕ್ಕೆ ದುಬಾರಿ ಆಟಿಕೆಗಳೂ ಬೇಡ. ತಾರಾಬಾಯಿ ಮೋಡಕ್ ಅವರು 1945ರಲ್ಲಿ ನಮ್ಮ ಮುಂಬಯಿಗೆ ಸಮೀಪದ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಕೆಲಸ ಆರಂಭಿಸಿದಾಗ, ಸುತ್ತಮುತ್ತ ಸಿಗುವ ಅಗ್ಗದ ವಸ್ತುಗಳಿಂದಲೇ ಕಲಿಕೆಯ ಸಾಮಗ್ರಿ ಮಾಡಿಕೊಂಡರು. ನಮ್ಮಲ್ಲೂ ಅಳಗುಳಿಮಣೆ ಇದೆಯಲ್ಲ! 14 ಗುಳಿ, ಒಂದೊಂದರಲ್ಲಿ 5 ಹುಣಸೆಬೀಜ. ಎಣಿಕೆ ಬಂತು, ಬೆರಳಿಗೆ ಹಿಡಿತ ಬಂತು, ತನ್ನ ಸರದಿ ಬರುವವರೆಗೆ ಕಾಯುವ ತಾಳ್ಮೆಯೂ ಬಂತು. ಪುಟ್ಟ ಮಕ್ಕಳು ಬೀಜ ಬಾಯಿಗೆ ಹಾಕಿಕೊಳ್ಳದಂತೆ ಪಕ್ಕದಲ್ಲೇ ಕೂತಿರಿ, ಅಷ್ಟೆ.

ಸಂಜೆ ಕಟ್ಟಡದ ಅಂಗಳದಲ್ಲಿ ಓರಗೆಯ ಮಕ್ಕಳ ಜೊತೆ ಓಡಲು ಬಿಡಿ. ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ ಒಟ್ಟು 3 ಗಂಟೆ ಓಡಾಟ, 10ರಿಂದ 13 ಗಂಟೆ ನಿದ್ದೆ ಬೇಕು, ಟಿವಿ-ಮೊಬೈಲು 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಗಂಡ ಹೆಂಡತಿ ಇಬ್ಬರೂ ಲೋಕಲ್ ಹಿಡಿದು ಕೆಲಸಕ್ಕೆ ಓಡುವ ಮನೆಗಳಲ್ಲಿ ಮಗುವನ್ನು ಇಡೀ ದಿನ ಮನೆಯಲ್ಲಿಟ್ಟುಕೊಳ್ಳಲು ಆಗದು, ನಿಜ. ಶಾಲೆಗೆ ಕಳಿಸಿ. ಆದರೆ ಸಂಜೆ ಅರ್ಧ ಗಂಟೆ ಫೋನು ಬದಿಗಿಟ್ಟು ಬಟಾಣಿ ಸುಲಿಯುತ್ತ ಕನ್ನಡದಲ್ಲಿ ಮಾತಾಡಿ. ಮಗು ಕಲಿತ ಮಾತನ್ನು ಮರೆಯುತ್ತಿದ್ದರೆ, ಕರೆದರೂ ತಿರುಗಿ ನೋಡದಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.

ಮುಂದಿನ ಜೂನಿನಲ್ಲಿ ನನ್ನ ಮಗ ಮತ್ತೆ ಶಾಲೆಗೆ ಹೋದ. ಇಂಗ್ಲಿಷನ್ನು ಅಲ್ಲೇ, ಗೆಳೆಯರ ನಡುವೆ ಕಲಿತ. ಈಗ ಮನೆಗೆ ಬಂದ ಕೂಡಲೇ ಅಂದಿನ ಸುದ್ದಿಯೆಲ್ಲ ಅಜ್ಜಿಗೆ ಒಪ್ಪಿಸುತ್ತಾನೆ, ಕನ್ನಡದಲ್ಲಿ. ನಿಮ್ಮ ಮಗುವೂ ಇವತ್ತು ಏನಾದರೂ ಕೇಳೀತು. ಉತ್ತರ ಹೇಳಲು ಅವಸರಪಡಬೇಡಿ. "ನೀನೇ ಹೇಳು ನೋಡೋಣ" ಎನ್ನಿ.