ಅನಿವಾರ್ಯ ವಂಶವಾಹಿಗಳು: ಯಾವುದು ವ್ಯರ್ಥ?



ಜೀವಿಯ ಉಳಿವಿಗೆ ಯಾವ ವಂಶವಾಹಿ ಬೇಕು, ಯಾವುದು ಬೇಡ? ಇದನ್ನರಿಯಲು ವಿಜ್ಞಾನಿಗಳು ಯೀಸ್ಟ್‌ನ ಸುಮಾರು 6,000 ವಂಶವಾಹಿಗಳ ಪೈಕಿ ಬಹುಪಾಲನ್ನು ಒಂದೊಂದಾಗಿ ತೆಗೆದು ನೋಡಿದರು. 2002ರ ಫಲಿತಾಂಶದಂತೆ, ಸಮೃದ್ಧ ಆಹಾರದ ಪ್ರಯೋಗಶಾಲೆಯಲ್ಲಿ ಅನಿವಾರ್ಯವಾದವು ಐದರಲ್ಲೊಂದು ಪಾಲಿಗಿಂತ ತುಸು ಕಡಿಮೆ. ಉಳಿದವು ವ್ಯರ್ಥವೇ? 2008ರಲ್ಲಿ ಸಾವಿರಕ್ಕೂ ಮಿಕ್ಕ ಪರೀಕ್ಷೆಗಳಲ್ಲಿ ರಾಸಾಯನಿಕ ಹಾಗೂ ಪರಿಸರದ ಒತ್ತಡಗಳಿಗೆ ಒಡ್ಡಿದಾಗ, ಶೇಕಡಾ 97ರಷ್ಟು ವಂಶವಾಹಿಗಳ ಕೊರತೆ ಒಂದಲ್ಲ ಒಂದು ಸನ್ನಿವೇಶದಲ್ಲಿ ಬೆಳವಣಿಗೆಯನ್ನು ಬಾಧಿಸಿತು.

ಅನಿವಾರ್ಯ ವಂಶವಾಹಿ ಪೂರ್ತಿ ಅಳಿದರೆ ಜೀವವೇ ನಿಲ್ಲದು; ಅದರ ಕೆಲಸ ಕುಂದಿದರೆ ರೋಗ ತಲೆದೋರಬಹುದು. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಇದಕ್ಕೆ ನಿದರ್ಶನ. ಇದಕ್ಕೆ ಕಾರಣವಾದ ಎಸ್‌ಎಂಎನ್ ವಂಶವಾಹಿ ಪತ್ತೆಯಾದದ್ದು 1995ರಲ್ಲಿ. ಇಲಿಯಲ್ಲಿ ಅದು ಒಂದೇ ಬಗೆಯದು. ಪೂರ್ತಿ ಇಲ್ಲವಾದರೆ ಭ್ರೂಣವೇ ಸಾಯುತ್ತದೆ. ಮನುಷ್ಯನಲ್ಲಿ ಅದನ್ನು ಹೋಲುವ ಮತ್ತೊಂದಿದೆ. ಆದರೆ ಅದರಿಂದ ದೊರೆಯುವ ಸಮರ್ಪಕ ಪ್ರೋಟೀನು ಅಲ್ಪ. ಮೊದಲನೆಯದನ್ನು ಕಳೆದುಕೊಂಡ ಮಗು ಎರಡನೆಯದರ ಬಲದಿಂದ ಜನಿಸುತ್ತದೆ; ಆದರೆ ಬೆನ್ನುಹುರಿಯ ನರಕೋಶಗಳು ನಶಿಸಿ ಸ್ನಾಯುಗಳು ಸೊರಗುತ್ತವೆ. 2016ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ನುಸಿನೆರ್ಸೆನ್ ಔಷಧಿಯು ಈ ಎರಡನೆಯದರಿಂದಲೇ ಹೆಚ್ಚು ಪ್ರೋಟೀನು ದೊರೆಯುವಂತೆ ಮಾಡುತ್ತದೆ. ಹೆಚ್ಚುವರಿಯಂತೆ ತೋರಿದ ಪ್ರತಿಯೇ ಚಿಕಿತ್ಸೆಗೆ ಆಸರೆಯಾಯಿತು.

ಅನಿವಾರ್ಯತೆಯೆಂಬುದು ಸನ್ನಿವೇಶವನ್ನು ಅವಲಂಬಿಸಿದ ತೀರ್ಪು. ಸಮೃದ್ಧಿಯ ದಿನಗಳಲ್ಲಿ ಬೇಡವೆನಿಸಿದ್ದು ಸಂಕಟದಲ್ಲಿ ಜೀವ ಕಾಯಬಹುದು. ವಂಶವಾಹಿಗಳ ಈ ಪಾಠ ಕಾಡಿಗೂ ಒಂದು ಎಚ್ಚರಿಕೆ. ಸೊಪ್ಪಿನಬೆಟ್ಟದಲ್ಲಿ ಉಪಯೋಗವಿಲ್ಲದ ಗಿಡವೆಂದು ಕತ್ತಿಯೆತ್ತುವ ಮುನ್ನ, ಆ ತೀರ್ಪು ಯಾವ ಕಾಲಕ್ಕೆ ಸಲ್ಲುವಂಥದ್ದೆಂದು ಕೇಳಿಕೊಳ್ಳುವುದು ವಿವೇಕ.